ವೈನಿ, ಮಷಿನ್ ಮಾರಬೇಡಿ, ಮೊದಲು ಉಪ್ಪು ಹಾಕಿ

ವೈನಿ, ನಮಸ್ಕಾರ. ಬೆಳಿಗ್ಗೆಯೇ ಮನೆಯ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ನೋಡಿದೆ, ಆದರೆ ಆಫೀಸಿನಲ್ಲಿ ಮಾತಾಡಲು ಆಗಲಿಲ್ಲ. ಇದು ಟೈಪ್ ಮಾಡಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ರೊಟ್ಟಿ ಬಡಿಯುತ್ತಾ ಕೇಳಿ, ನಡೆಯುತ್ತದೆ.

ನೀವು ಹೇಳಿದ್ದು ಇಷ್ಟು ಅಲ್ವಾ? ಡಿಶ್‌ವಾಷರ್‌ನಿಂದ ತೆಗೆದ ಗಾಜಿನ ಲೋಟಗಳ ಮೇಲೆ ಬೆಳ್ಳಗೆ ಮಬ್ಬು. ಬಾಗಿಲು ತೆರೆದರೆ ವಾಸನೆ. ತೊಳೆದಾದ ಮೇಲೂ ತಳದಲ್ಲಿ ನೀರು. ರಿಪೇರಿಗೆ ಬಂದ ಹುಡುಗ ಮಷಿನ್ ಹಳೆಯದಾಯ್ತು ಅಂದ. ಅದರ ಕೆಳಗೆ ಕಾಕಾ, 'ಮಾರಿಬಿಡ್ರಿ, ನಮ್ಮ ಅಡುಗೆಗೆ ಇದು ಹೊಂದಲ್ಲ' ಅಂತ ಬರೆದಿದ್ದಾರೆ. ಕಾಕಾ, ನಿಮಗೂ ಉತ್ತರ ಇದೆ, ಸ್ವಲ್ಪ ತಡೀರಿ.

ವೈನಿ, ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಲೋಟಕ್ಕಿಂತ ಜಾಸ್ತಿ ನನ್ನ ಕಣ್ಣಿಗೆ ಬಿದ್ದದ್ದು ಹಿಂದೆ ಕಾಣುವ ಮಷಿನ್ ಪ್ಯಾನೆಲ್. ಅಲ್ಲಿ ಎರಡು ಬಾಣ ಸುತ್ತಿಕೊಂಡ ಹಾಗೆ ಎಸ್ ಆಕಾರದ ಒಂದು ದೀಪ ಹತ್ತಿದೆ. ಅದು ಉಪ್ಪು ಮುಗಿದಿದೆ ಅಂತ ಹೇಳುವ ದೀಪ. ಎಷ್ಟು ದಿನದಿಂದ ಹತ್ತಿದೆಯೋ ಏನೋ. ಮಷಿನ್ ಕೆಟ್ಟಿಲ್ಲ ವೈನಿ, ಅದು ಉಪ್ಪು ಕೇಳುತ್ತಿದೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಮಬ್ಬಾದ ಲೋಟಕ್ಕೆ ಅರ್ಧ ನಿಂಬೆಹಣ್ಣು ತಿಕ್ಕಿ, ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ಬೆಳ್ಳಗಿನದು ಹೋಗಿ ಗಾಜು ಹೊಳೆದರೆ ಅದು ನೀರಿನ ಸುಣ್ಣ. ಹೋಗದೇ ಇದ್ದರೆ ಗಾಜೇ ಸವೆದಿದೆ ಅಂತ ಅರ್ಥ, ಅದು ಸರಿಹೋಗುವುದಿಲ್ಲ. ಗಾಜು ಸವೆಯುವುದು ನೀರು ತೀರಾ ಮೆದುವಾಗಿ, ಅಂದರೆ ಸುಣ್ಣ ತೀರಾ ಕಡಿಮೆಯಾಗಿ, ಸೋಪಿನ ಪುಡಿ ಜಾಸ್ತಿ ಬಿದ್ದು, ಬಿಸಿಯೂ ಜಾಸ್ತಿ ಆದಾಗ. ಶಹಾಬಾದ್‌ನ ಬೋರ್ ನೀರಿಗೆ ಆ ಭಯ ಇಲ್ಲ. ನಿಮ್ಮದು ಸುಣ್ಣವೇ, ನಾನು ಬರೆದು ಕೊಡುತ್ತೇನೆ.

ಯಾಕೆ ಅಂದರೆ ನೀವಿರುವ ಊರು ನೋಡಿ. ಶಹಾಬಾದ್, ಚಿತ್ತಾಪುರ, ವಾಡಿ, ಸೇಡಂ, ಆ ಕಡೆ ನೆಲದಡಿ ಪೂರ್ತಿ ಸುಣ್ಣದ ಕಲ್ಲು. ಅದಕ್ಕೇ ಅಲ್ಲಿ ಸಿಮೆಂಟ್ ಫ್ಯಾಕ್ಟರಿಗಳು. ನಮ್ಮ ಮನೆಗಳಿಗೆಲ್ಲ ಹಾಸಿರುವ ಶಹಾಬಾದ್ ಫರಸಿಯೂ ಅದೇ ಕಲ್ಲು. ಬೋರ್ ನೀರು ಆ ಕಲ್ಲಿನ ನಡುವೆ ಹಾದು ಬರುವಾಗ ಸುಣ್ಣ ಕರಗಿಸಿಕೊಂಡೇ ಬರುತ್ತದೆ. ತಣ್ಣಗಿರುವಾಗ ಕಣ್ಣಿಗೆ ಕಾಣುವುದಿಲ್ಲ. ಕಾಯಿಸಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ಗೀಸರ್ ರಾಡಿನ ಮೇಲೆ ಬೆಳ್ಳಗೆ ಕಟ್ಟುವುದು ಇದೇ. ಡಿಶ್‌ವಾಷರ್ ನೀರನ್ನು 50 ಡಿಗ್ರಿ, 70 ಡಿಗ್ರಿವರೆಗೂ ಕಾಯಿಸುತ್ತದೆ. ಅಂದಮೇಲೆ ಲೋಟದ ಮೇಲೆ ಕೂತಿರುವುದು ನಿಮ್ಮೂರಿನ ಫರಸಿಯೇ.

ಇದನ್ನು ತಡೆಯಲು ಮಷಿನ್ ಒಳಗೇ ವ್ಯವಸ್ಥೆ ಇದೆ. ತಳದಲ್ಲಿ ಫಿಲ್ಟರ್ ಪಕ್ಕ ಒಂದು ದಪ್ಪ ತಿರುಗಿಸುವ ಮುಚ್ಚಳ ಇದೆ ನೋಡಿ, ಅದು ಉಪ್ಪಿನ ಡಬ್ಬಿ. ಅದಕ್ಕೆ ಹೊಂದಿಕೊಂಡು ರೆಸಿನ್ ಅನ್ನುವ ಸಣ್ಣ ಸಣ್ಣ ಮಣಿಗಳು ಇರುತ್ತವೆ. ನೀರು ಅವುಗಳ ಮೂಲಕ ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಮಣಿಗೆ ಅಂಟಿಕೊಳ್ಳುತ್ತವೆ, ಬದಲಿಗೆ ಸೋಡಿಯಂ ಹೊರಬರುತ್ತದೆ. ಸೊಲ್ಲಾಪುರ ಬಸ್ಸಿನಲ್ಲಿ ಒಬ್ಬರು ಇಳಿದರೆ ಇನ್ನೊಬ್ಬರು ಸೀಟು ಹಿಡಿಯುವ ಹಾಗೆ. ಎಲ್ಲಾ ಸೀಟು ಸುಣ್ಣವೇ ಹಿಡಿದ ಮೇಲೆ, ಉಪ್ಪು ನೀರು ಬಂದು ಅದನ್ನು ಎಬ್ಬಿಸಿ ಚರಂಡಿಗೆ ಕಳಿಸುತ್ತದೆ. ಉಪ್ಪು ಇಲ್ಲದಿದ್ದರೆ ಎಬ್ಬಿಸುವವರಿಲ್ಲ. ಆಮೇಲೆ ಎಷ್ಟು ದುಬಾರಿ ಸೋಪಿನ ಟ್ಯಾಬ್ಲೆಟ್ ಹಾಕಿದರೂ ಅಷ್ಟೇ. 'ಭಾಂಡೆಗೆ ಉಪ್ಪು ಹತ್ತಲ್ವಾ' ಅಂತ ಕಾಕು ಕೇಳಿದ್ದರು. ಇಲ್ಲ ಕಾಕು, ಆ ಉಪ್ಪು ನೀರು ಭಾಂಡೆಯ ಕಡೆಗೆ ಬರುವುದೇ ಇಲ್ಲ.

ಅಡುಗೆ ಉಪ್ಪು ಮಾತ್ರ ಹಾಕಬೇಡಿ. ಅದರಲ್ಲಿ ಅಯೋಡಿನ್ ಇರುತ್ತದೆ, ಗಟ್ಟಿಯಾಗದಿರಲಿ ಅಂತ ಬೇರೆ ಪುಡಿಯೂ ಸೇರಿಸಿರುತ್ತಾರೆ. ಸಣ್ಣ ಕಾಳು ಒಳಗೆ ಹೆಪ್ಪುಗಟ್ಟುತ್ತದೆ. ಡಿಶ್‌ವಾಷರ್ ಸಾಲ್ಟ್ ಅಂತಲೇ ಸಿಗುತ್ತದೆ, ದಪ್ಪ ಹರಳು, ಬೆರಕೆ ಇಲ್ಲದ್ದು. ಕೆಳಗಿನ ರ‍್ಯಾಕ್ ತೆಗೆದು ಮುಚ್ಚಳ ಬಿಚ್ಚಿ. ಒಳಗೆ ನೀರು ಕಂಡರೆ ಹೆದರಬೇಡಿ, ಅಲ್ಲಿ ಯಾವಾಗಲೂ ನೀರು ಇರಲೇಬೇಕು. ಜೊತೆಗೆ ಕೊಟ್ಟ ಲಾಳಿಕೆ ಇಟ್ಟು ಉಪ್ಪು ಸುರಿಯಿರಿ. ಸುಮಾರು ಒಂದು ಕಿಲೋ ಹಿಡಿಯುತ್ತದೆ, ಕೆಲವದಕ್ಕೆ ಒಂದೂವರೆ. ಉಪ್ಪು ಇಳಿದಷ್ಟು ನೀರು ಮೇಲೆ ಉಕ್ಕುತ್ತದೆ, ಉಕ್ಕಲಿ. ಆದರೆ ಹೊರಗೆ ಚೆಲ್ಲಿದ ಉಪ್ಪನ್ನು ಹಾಗೇ ಬಿಡಬೇಡಿ. ಬಟ್ಟೆಯಿಂದ ತೆಗೆದು, ಮುಚ್ಚಳ ಬಿಗಿ ಮಾಡಿ, ಕೂಡಲೇ ಒಂದು ಸಲ ಮಷಿನ್ ಓಡಿಸಿ. ಉಪ್ಪು ನೀರು ರಾತ್ರಿಯೆಲ್ಲ ನಿಂತರೆ ಸ್ಟೀಲೂ ತುಕ್ಕು ಹಿಡಿಯುತ್ತದೆ. ಹಾಗಾಗಿ ಮಲಗುವ ಮುಂಚೆ ಅಲ್ಲ, ಭಾಂಡೆ ತೊಳೆಯಲು ಹಾಕುವ ಮುಂಚೆ ಉಪ್ಪು ತುಂಬಿ. ಇನ್ನೊಂದು, ಆ ಡಬ್ಬಿಗೆ ಮಕ್ಕಳು ಸೋಪಿನ ಪುಡಿ ಹಾಕದ ಹಾಗೆ ನೋಡಿಕೊಳ್ಳಿ. ಹಾಕಿದರೆ ಆ ಭಾಗವೇ ಹಾಳು.

ಉಪ್ಪು ತುಂಬಿದರೆ ಅರ್ಧ ಕೆಲಸ. ನಿಮ್ಮ ನೀರು ಎಷ್ಟು ಗಡಸು, ಅಂದರೆ ಅದರಲ್ಲಿ ಸುಣ್ಣ ಎಷ್ಟು ಅಂತ ಮಷಿನ್‌ಗೆ ಹೇಳಬೇಕು. ಇದನ್ನು ಯಾರೂ ಮಾಡುವುದಿಲ್ಲ ನೋಡಿ. ಕಂಪನಿಯವರು ಮಧ್ಯಮ ನೀರಿಗೆ ಇಟ್ಟು ಕಳಿಸಿರುತ್ತಾರೆ, ನಾವು ಹಾಗೇ ಬಿಟ್ಟಿರುತ್ತೇವೆ. ಮಷಿನ್ ಜೊತೆ ಒಂದು ಕಾಗದದ ಪಟ್ಟಿ ಬಂದಿರಬಹುದು, ಹುಡುಕಿ. ಇಲ್ಲದಿದ್ದರೆ ನೀರಿನ ಗಡಸುತನ ನೋಡುವ ಪಟ್ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ನೀರಿನಲ್ಲಿ ಅದ್ದಿದರೆ ಬಣ್ಣ ತೋರಿಸುತ್ತದೆ. ಆರ್‌ಓ ರಿಪೇರಿಯವರು ತರುವ ಟಿಡಿಎಸ್ ಮೀಟರ್ ಇದಕ್ಕೆ ಆಗುವುದಿಲ್ಲ, ಅದು ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಎಣಿಸುತ್ತದೆ, ಸುಣ್ಣ ಎಷ್ಟು ಅಂತ ಬೇರೆ ಹೇಳುವುದಿಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಹೇಳುವುದು ಲೀಟರಿಗೆ 200 ಮಿಲಿಗ್ರಾಂ ಗಡಸುತನ. ಬೇರೆ ನೀರು ಇಲ್ಲದ ಕಡೆ 600ರವರೆಗೂ ಒಪ್ಪುತ್ತಾರೆ. ನಿಮ್ಮ ನೀರಿನ ಅಂಕಿ ಸಿಕ್ಕ ಮೇಲೆ ಮಷಿನ್ ಪುಸ್ತಕ ನೋಡಿ ಅದಕ್ಕೆ ತಕ್ಕ ಸೆಟ್ಟಿಂಗ್ ಇಡಿ. ಅದರಲ್ಲಿ ಬಹಳ ಸಲ ಜರ್ಮನ್ ಡಿಗ್ರಿ ಲೆಕ್ಕ ಇರುತ್ತದೆ. ಒಂದು ಡಿಗ್ರಿ ಅಂದರೆ ಸುಮಾರು 18 ಮಿಲಿಗ್ರಾಂ, ಹಾಗಾಗಿ 600 ಅಂದರೆ 33 ಡಿಗ್ರಿ ಮೀರುತ್ತದೆ. 'ಆಲ್ ಇನ್ ಒನ್' ಟ್ಯಾಬ್ಲೆಟ್ ಹಾಕಿದರೆ ಉಪ್ಪು ಬೇಡ ಅಂತ ಅಂಗಡಿಯವರು ಹೇಳುತ್ತಾರೆ. ಆ ಮಾತು ಸಾಧಾರಣ ನೀರಿಗೆ ಸರಿ. ಬೋರ್ ನೀರಿಗೆ ಉಪ್ಪು ಬೇರೆಯಾಗಿ ಹಾಕಲೇಬೇಕು.

ಕಾಗಿಣಾ ನದಿ ಕಡೆಯ ನಲ್ಲಿ ನೀರು ಒಂದು ದಿನ, ಬೋರ್ ಇನ್ನೊಂದು ದಿನ, ಎರಡೂ ಒಂದೇ ಟ್ಯಾಂಕಿಗೆ ಬೀಳುತ್ತಿದ್ದರೆ ಸೆಟ್ಟಿಂಗ್ ಬೋರ್ ನೀರಿನ ಲೆಕ್ಕಕ್ಕೇ ಇಡಿ.

ಈಗ ವಾಸನೆ. ಅದು ಫಿಲ್ಟರ್‌ನದು, ಕಣ್ಣು ಮುಚ್ಚಿ ಹೇಳಬಹುದು. ಕೆಳಗಿನ ರ‍್ಯಾಕ್ ತೆಗೆದರೆ ನಡುವೆ ಲೋಟದಂಥದ್ದು ಕಾಣುತ್ತದೆ. ಎಡಕ್ಕೆ ತಿರುಗಿಸಿ ಮೇಲೆ ಎತ್ತಿ. ಅದರ ಕೆಳಗೆ ಸ್ಟೀಲಿನ ಚಪ್ಪಟೆ ಜಾಲರಿ ಇದೆ, ಅದೂ ಬರುತ್ತದೆ. ನಮ್ಮ ಮನೆಗಳ ಫಿಲ್ಟರ್‌ನಲ್ಲಿ ಏನು ಸಿಗುತ್ತದೆ ಗೊತ್ತಲ್ಲ? ತೊಗರಿ ಬೇಳೆಯ ಸಿಪ್ಪೆ, ಸಾಸಿವೆ, ಕರಿಬೇವಿನ ಕಡ್ಡಿ, ಶೇಂಗಾ ಹಿಂಡಿಯ ಎಣ್ಣೆ ಜಿಡ್ಡು. ಅದರ ಮೇಲೆ ಬೂದು ಬಣ್ಣದ ಲೋಳೆ. ಬೆರಳಿನಲ್ಲಿ ಎಳೆದರೆ ಪದರವಾಗಿ ಬರುತ್ತದೆ. ಆ ಲೋಳೆ ಬಹುಪಾಲು ಜೋಳದ ಹಿಟ್ಟು ಮತ್ತು ಎಣ್ಣೆ. ಬಿಸಿನೀರು ತಾಗಿದರೆ ಹಿಟ್ಟು ಅಂಬಲಿಯಾಗಿ ಜಾಲರಿಯ ಕಣ್ಣನ್ನೆಲ್ಲ ಮುಚ್ಚುತ್ತದೆ. ಹಿಟ್ಟು ನಾದಿದ ಪರಾತವನ್ನು ಹಾಗೇ ಒಳಗೆ ಇಟ್ಟರೆ ಫಿಲ್ಟರ್ ಕಟ್ಟಲೇಬೇಕು. ಮೊದಲು ತಣ್ಣೀರಲ್ಲಿ ಒಂದು ಕೈ ಆಡಿಸಿ ಹಿಟ್ಟು ಬಿಡಿಸಿ, ಆಮೇಲೆ ಇಡಿ. ಬೇರೆ ತಾಟು, ಬಟ್ಟಲು ತೊಳೆದು ಇಡಬೇಕಿಲ್ಲ, ಉಳಿದದ್ದನ್ನು ಬುಟ್ಟಿಗೆ ತಟ್ಟಿದರೆ ಸಾಕು. ಎಲ್ಲಾ ತೊಳೆದು ಇಡುವುದಾದರೆ ಮಷಿನ್ ಯಾಕೆ ಬೇಕು?

ಫಿಲ್ಟರ್ ಅನ್ನು ನಲ್ಲಿ ಕೆಳಗೆ ಹಿಡಿದು ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ. ಒಳಗಿನಿಂದಲೂ, ಹೊರಗಿನಿಂದಲೂ. ಜಿಡ್ಡು ಜಾಸ್ತಿ ಇದ್ದರೆ ಉಗುರುಬೆಚ್ಚಗಿನ ನೀರಿಗೆ ಸೋಪು ಹಾಕಿ ಸ್ವಲ್ಪ ಹೊತ್ತು ನೆನೆಸಿ. ಸ್ಟೀಲ್ ತಂತಿಯ ಜುಂಗು ಮುಟ್ಟಿಸಬೇಡಿ, ಜಾಲರಿ ಹರಿದರೆ ಕಸ ನೇರ ಪಂಪಿಗೆ. ಮತ್ತೆ ಕೂರಿಸುವಾಗ ಬಲಕ್ಕೆ ತಿರುಗಿಸಿ, ಗಟ್ಟಿ ಕೂತಿದೆಯೋ ಅಲುಗಾಡಿಸಿ ನೋಡಿ. ನಿಮ್ಮ ಮನೆಯಲ್ಲಿ ಎಂಟು ಜನ, ವಾರಕ್ಕೊಮ್ಮೆ ಬೇಕೇ ಬೇಕು. ಇಬ್ಬರೇ ಇದ್ದ ಮನೆಗೆ ಹದಿನೈದು ದಿನಕ್ಕೊಮ್ಮೆ ಸಾಕು.

ಬಾಗಿಲಿನ ಕೆಳ ಅಂಚನ್ನೂ ನೋಡಿ. ಮಷಿನ್ ಓಡುವಾಗ ನೀರು ಅಲ್ಲಿಗೆ ಸಿಡಿಯುವುದಿಲ್ಲ, ಹಾಗಾಗಿ ಅದು ತನ್ನಷ್ಟಕ್ಕೆ ಸ್ವಚ್ಛ ಆಗುವುದೇ ಇಲ್ಲ. ಒದ್ದೆ ಬಟ್ಟೆ ತೊಗೊಂಡು ಅಂಚು, ಸುತ್ತಲಿನ ರಬ್ಬರ್, ಅದರ ಮಡಿಕೆ ಎಲ್ಲಾ ಒರೆಸಿ. ಬಟ್ಟೆ ನೋಡಿದರೆ ನಿಮಗೇ ಅಸಹ್ಯ ಆಗುತ್ತದೆ. ಭಾಂಡೆ ತೆಗೆದ ಮೇಲೆ ಬಾಗಿಲನ್ನು ಎರಡು ಬೆರಳಷ್ಟು ತೆರೆದಿಡಿ.

ತಳದಲ್ಲಿ ನೀರು ಅಂದಿರಲ್ಲ, ಎಲ್ಲಿ ಅಂತ ಸರಿಯಾಗಿ ನೋಡಿ. ಫಿಲ್ಟರ್ ಎತ್ತಿದಾಗ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ನೀರು ಇದ್ದರೆ ಅದು ಸಹಜ. ಫಿಲ್ಟರ್ ಮೇಲೆ, ತಳದ ತಗಡಿನ ಮೇಲೆ ನಿಂತಿದ್ದರೆ ತೊಂದರೆ. ಫಿಲ್ಟರ್ ತೊಳೆದ ಮೇಲೂ ನಿಂತರೆ ಹಿಂದಿನ ಪೈಪ್ ಮಡಚಿದೆಯೋ ನೋಡಿ. ನೀವು ಮೊನ್ನೆ ನೆಲ ತೊಳೆಯಲು ಮಷಿನ್ ಸರಿಸಿದ್ದೆವು ಅಂದಿರಿ. ನನ್ನ ಅನುಮಾನ ಅಲ್ಲೇ ಇದೆ. ಗೋಡೆಗೆ ಒತ್ತಿ ಪೈಪ್ ಅಮುಕಿರಬಹುದು. ಅದೂ ಸರಿ ಇದ್ದರೆ ಪ್ಲಗ್ ತೆಗೆದು, ಗುಂಡಿಯ ನೀರನ್ನು ಸ್ಪಂಜಿನಿಂದ ಹಿಂಡಿ ತೆಗೆದು, ಪಂಪಿನ ಮೇಲಿನ ಮುಚ್ಚಳ ಬಿಚ್ಚಿ ನೋಡಿ. ಎಲುಬಿನ ಚೂರು, ಗಾಜಿನ ಚೂರು, ಟೂತ್‌ಪಿಕ್ ಸಿಕ್ಕಿಕೊಂಡಿರುತ್ತದೆ. ಗಾಜು ಇರಬಹುದು, ಬರಿಗೈ ಹಾಕಬೇಡಿ. ಇದನ್ನು ಅಣ್ಣನಿಗೆ ಹೇಳಿ ವೈನಿ, ಅವನೂ ಒಂದು ಕೆಲಸ ಮಾಡಲಿ.

ನೀರು ಚಿಮ್ಮಿಸುತ್ತಾ ತಿರುಗುವ ರೆಕ್ಕೆಗಳು ಇವೆಯಲ್ಲ, ಅವುಗಳ ತೂತಿನಲ್ಲಿ ಸಾಸಿವೆ ಕಾಳು ಸರಿಯಾಗಿ ಕೂರುತ್ತದೆ. ಬೆಳಕಿಗೆ ಹಿಡಿದು ನೋಡಿ, ಕಡ್ಡಿಯಿಂದ ಚುಚ್ಚಿ ತೆಗೆಯಿರಿ. ಅಷ್ಟೇ.

ಈಗಾಗಲೇ ಒಳಗೆ ಕಟ್ಟಿರುವ ಸುಣ್ಣ ತೆಗೆಯಲು ಮಷಿನ್ ಖಾಲಿ ಓಡಿಸಬೇಕು. ಒಂದು ಬಟ್ಟಲಲ್ಲಿ ಬಿಳಿ ವಿನೆಗರ್ ತುಂಬಿ ಮೇಲಿನ ರ‍್ಯಾಕ್‌ನಲ್ಲಿ ನೆಟ್ಟಗೆ ಇಟ್ಟು, ಬಿಸಿ ಜಾಸ್ತಿ ಇರುವ ಪ್ರೋಗ್ರಾಂ ಹಾಕಿ. ಇಲ್ಲವೇ ಡಿಶ್‌ವಾಷರ್ ಕ್ಲೀನರ್ ಅಂತ ಸಿಗುವುದನ್ನು ಹಾಕಿ. ನನ್ನ ಕೇಳಿದರೆ ಕ್ಲೀನರ್ ಒಳ್ಳೆಯದು. ವಿನೆಗರ್ ಆಗೀಗ ಸರಿ, ದಿನಾ ಹಾಕಿದರೆ ರಬ್ಬರ್ ಕೆಡುತ್ತದೆ. ಅದರ ಜೊತೆ ಬ್ಲೀಚ್ ಯಾವ ಕಾರಣಕ್ಕೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಹಾಂ, ವಿನೆಗರ್ ಆಗಲಿ ನಿಂಬೆರಸ ಆಗಲಿ ನಿಮ್ಮ ಅಡುಗೆಮನೆಯ ಫರಸಿ ಕಟ್ಟೆ ಮೇಲೆ ಚೆಲ್ಲಬೇಡಿ. ಲೋಟದ ಸುಣ್ಣವನ್ನು ತಿನ್ನುವುದು ಕಟ್ಟೆಯ ಕಲ್ಲನ್ನೂ ತಿನ್ನುತ್ತದೆ, ಹೊಳಪು ಹೋಗಿ ಕಲೆ ನಿಲ್ಲುತ್ತದೆ.

ರಿನ್ಸ್ ಏಡ್, ಅಂದರೆ ಕೊನೆಯಲ್ಲಿ ನೀರು ಹನಿ ನಿಲ್ಲದೆ ಜಾರಿಹೋಗಲು ಹಾಕುವ ದ್ರವ, ಅದರ ಡಬ್ಬಿ ಖಾಲಿ ಇದ್ದರೆ ಅದನ್ನೂ ತುಂಬಿ. ಲೋಟದ ಮೇಲೆ ನೀರಿನ ಹನಿ ಒಣಗಿದ ಗುರುತು ಬಂದರೆ ಅದರ ನಂಬರ್ ಏರಿಸಿ, ನೀಲಿ ಗೆರೆ ಬಂದರೆ ಇಳಿಸಿ.

ಇನ್ನು ಕಾಕಾ, ನಮ್ಮ ಅಡುಗೆಗೆ ಹೊಂದಲ್ಲ ಅಂದಿರಲ್ಲ. ಅರ್ಧ ನಿಜ. ರೊಟ್ಟಿ ಹಂಚು ಒಳಗೆ ಹೋಗಬಾರದು, ಕಬ್ಬಿಣ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಕಪ್ಪಾಗುತ್ತದೆ. ದೇವರ ಮನೆಯ ಹಿತ್ತಾಳೆ, ತಾಮ್ರ, ಕಟ್ಟಿಗೆಯ ಸೌಟು, ಇವಕ್ಕೆಲ್ಲ ಕೈಯೇ ಸರಿ. ಆದರೆ ಸ್ಟೀಲ್ ತಾಟು, ಗಾಜು, ಪಿಂಗಾಣಿ, ಎಣ್ಣೆಗಾಯಿ ಮಾಡಿದ ಸ್ಟೀಲ್ ಪಾತ್ರೆ ಎಲ್ಲಾ ಚೆನ್ನಾಗಿ ಹೊಂದುತ್ತವೆ. ನೀರು ಹಾಳು ಅಂತ ನೀವು ಹೇಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪೂರ್ತಿ ತುಂಬಿಸಿ ಹಾಕಿದರೆ ಒಂದು ಸಲಕ್ಕೆ ಸುಮಾರು 10-12 ಲೀಟರ್, ಅಂದರೆ ಒಂದು ಬಕೆಟ್ಟಿಗಿಂತ ಕಡಿಮೆ. ಎಂಟು ಜನರ ಊಟದ ಭಾಂಡೆ ಅಷ್ಟರಲ್ಲಿ ನಲ್ಲಿ ಕೆಳಗೆ ತಿಕ್ಕಿ ತೋರಿಸಿ, ಮುಂದಿನ ಸಲ ನಾನೇ ನಿಂತು ನೋಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಬೋರ್ ಕೆಳಗೆ ಹೋದಾಗ ಈ ಲೆಕ್ಕ ಬಹಳ ದೊಡ್ಡದು.

ಅಂದ ಹಾಗೆ ಟ್ಯಾಂಕರ್ ನೀರು ಹಾಕಿಸುವ ಕಾಲದಲ್ಲಿ ನೀರು ಬರುವ ಪೈಪಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನೂ ಬಿಚ್ಚಿ ನೋಡಿ. ನಲ್ಲಿ ಬಂದ್ ಮಾಡಿ, ಪೈಪ್ ತಿರುಗಿಸಿ ತೆಗೆದರೆ ಕಾಣುತ್ತದೆ. ಕೆಸರು ಕಟ್ಟಿಕೊಂಡರೆ ಮಷಿನ್ ನೀರಿಲ್ಲ ಅಂತ ಎರರ್ ತೋರಿಸಿ ನಿಂತುಬಿಡುತ್ತದೆ, ರಿಪೇರಿಯವರು ಬಂದು ಬರೀ ಅದನ್ನೇ ತೊಳೆದು ಬಿಲ್ ಕೊಟ್ಟು ಹೋಗುತ್ತಾರೆ.

ವೈನಿ, ಮೊದಲು ಫಿಲ್ಟರ್ ತೊಳೆಯಿರಿ, ಆಮೇಲೆ ಖಾಲಿ ಓಡಿಸಿ ಸುಣ್ಣ ತೆಗೆಯಿರಿ, ಆಮೇಲೆ ಉಪ್ಪು ತುಂಬಿ ಭಾಂಡೆ ಹಾಕಿ. ಉಪ್ಪು ಹಾಕಿದ ಕೂಡಲೇ ಆ ದೀಪ ಆರದಿದ್ದರೆ ಗಾಬರಿ ಬೇಡ, ಉಪ್ಪು ಕರಗಲು ಒಂದೆರಡು ಓಟ ಬೇಕಾಗುತ್ತದೆ. ಶಹಾಬಾದ್‌ನಲ್ಲಿ ಉಪ್ಪು ಸಿಗದಿದ್ದರೆ ಇವತ್ತೇ ಹೇಳಿ. ಕಾಕಾ ಭಾನುವಾರ ಇಲ್ಲಿಗೆ ಬರುವವರಿದ್ದಾರೆ, ಎರಡು ಪ್ಯಾಕೆಟ್ ಅವರ ಕೈಯಲ್ಲೇ ಕಳಿಸುತ್ತೇನೆ.