ಸಹಾಯ ಬೇಕು: ಹೋಮರ್ ಬ್ರಿಸೀಸ್‌ಗೆ ಮಾತು ಕೊಟ್ಟಿದ್ದಾನೋ ಇಲ್ಲವೋ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ನಮ್ಮ ಓದುಗರ ಬಳಗದಲ್ಲಿ ನಾನು ಪ್ಯಾಟ್ ಬಾರ್ಕರ್ ಅವರ 2018ರ ಕಾದಂಬರಿ 'ದಿ ಸೈಲೆನ್ಸ್ ಆಫ್ ದಿ ಗರ್ಲ್ಸ್' ಬಗ್ಗೆ ಮಾತಾಡಬೇಕು. ಟ್ರಾಯ್ ಯುದ್ಧದಲ್ಲಿ ಗ್ರೀಕ್ ವೀರ ಅಕಿಲೀಸ್‌ಗೆ ಬಹುಮಾನವಾಗಿ ಸಿಕ್ಕ ಸೆರೆಯಾಳು ಬ್ರಿಸೀಸ್ ಇದರಲ್ಲಿ ತಾನೇ ಕಥೆ ಹೇಳುತ್ತಾಳೆ. ಇದರ ಮೂಲ ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್. 'ಇಲಿಯಡ್‌ನಲ್ಲಿ ಬಾಯಿಯೇ ಇಲ್ಲದವಳಿಗೆ ಇಲ್ಲಿ ದನಿ ಬಂತು' ಅಂತ ಬರೆದುಕೊಂಡು ಆರಾಮಾಗಿದ್ದೆ.

ಸುಮ್ನೆ ಒಂದು ಸಲ ನೋಡೋಣ ಅಂತ ಇಲಿಯಡ್‌ನ ಇಂಗ್ಲಿಷ್ ಅನುವಾದ ತೆಗೆದೆ, ಅಲ್ಲೇ ಎಡವಟ್ಟಾಯಿತು. 19ನೇ ಭಾಗದಲ್ಲಿ ಆಕೆ ಅಕಿಲೀಸ್‌ನ ಆಪ್ತ ಗೆಳೆಯ ಪ್ಯಾಟ್ರೋಕ್ಲಸ್‌ನ ಹೆಣದ ಮೇಲೆ ಬಿದ್ದು ಅಳುತ್ತಾ ಮಾತಾಡುತ್ತಾಳೆ! ಗಂಡ ಮತ್ತು ಮೂವರು ಅಣ್ಣತಮ್ಮಂದಿರು ಸತ್ತಿದ್ದನ್ನು ಹೇಳುತ್ತಾಳೆ, ಆ ಗಂಡನನ್ನು ಕೊಂದ ಅಕಿಲೀಸ್‌ಗೇ ನಿನ್ನನ್ನು ಮದುವೆ ಮಾಡಿಸುತ್ತೇನೆ ಅಂತ ಪ್ಯಾಟ್ರೋಕ್ಲಸ್ ಸಮಾಧಾನ ಮಾಡಿದ್ದನ್ನೂ ಹೇಳುತ್ತಾಳೆ. ಆಮೇಲೆ ಉಳಿದ ಹೆಂಗಸರೂ ಅಳುತ್ತಾರೆ. ನೆಪಕ್ಕೆ ಪ್ಯಾಟ್ರೋಕ್ಲಸ್, ನಿಜಕ್ಕೂ ಅವರವರ ದುಃಖಕ್ಕೆ, ಅಂತ ಹೋಮರನೇ ಹೇಳುತ್ತಾನೆ. ಅದನ್ನು ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಇನ್ನೊಂದು ತೊಡಕು, ಕಾದಂಬರಿಯ ಕೆಲವು ಅಧ್ಯಾಯಗಳು ಅಕಿಲೀಸ್‌ನ ಕಣ್ಣಿಂದ ಸಾಗುತ್ತವೆ. ಮತ್ತೆ ಅವನಿಗೇ ಜಾಗ ಯಾಕೆ? ಕಾದಂಬರಿ ಎರಡು ಸಲ ಓದಿದೆ, ಒಂದಿಷ್ಟು ವಿಮರ್ಶೆಗಳನ್ನೂ ನೋಡಿದೆ, 'ಮೌನ ಮುರಿದಳು' ಅನ್ನೋದು ಬಿಟ್ಟರೆ ಜಾಸ್ತಿ ಏನೂ ಸಿಗಲಿಲ್ಲ.

ಎರಡನ್ನೂ ಓದಿದವರು ದಯವಿಟ್ಟು ಹೇಳಿ: ಆ ಅಳುವಿನ ಮಾತು ಮೂಲದಲ್ಲೇ ಇರುವಾಗ, ಬಾರ್ಕರ್ ಬ್ರಿಸೀಸ್‌ಗೆ ಹೊಸದಾಗಿ ಕೊಟ್ಟಿದ್ದು ಏನು? ಕಾದಂಬರಿಯಿಂದ ಒಂದೇ ಒಂದು ಪ್ರಸಂಗ ತೋರಿಸಿದರೂ ಸಾಕು.