ಹಗಲು ಬಿಸಿಲು, ರಾತ್ರಿ ಹೈಡ್ರೋಜನ್, ನಡುವೆ ದೊಡ್ಡಪ್ಪನ ರೇಡಿಯೋ

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಹಗಲು ಸೋಲಾರ್ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತುಂಬಿಡಿ. ರಾತ್ರಿ ಅದರಿಂದಲೇ ಕಾರ್ಖಾನೆ ಓಡಿಸಿ. ಒಂದಿಷ್ಟೂ ನಷ್ಟವಿಲ್ಲ!! ಕಲ್ಲಿದ್ದಲಿನ ಕಥೆ ಮುಗಿಯಿತು!!

ಚಿಕ್ಕಪ್ಪ: ನಾನು ಯಾವತ್ತಿನಿಂದ ಹೇಳುತ್ತಿದ್ದೆ ನೋಡಿ.

ವಿನಯ: ಯಾರು ಬರೆದಿದ್ದು ಇದನ್ನು?

ಚಿಕ್ಕಪ್ಪ: ಎಲ್ಲಾ ಕಡೆ ಬಂದಿದೆ.

ವಿನಯ: ನಷ್ಟವಿಲ್ಲ ಅನ್ನೋದು ಶುದ್ಧ ಸುಳ್ಳು. ಒಂದು ಕಿಲೋ ಹೈಡ್ರೋಜನ್ ಮಾಡಲು 50ರಿಂದ 55 ಯೂನಿಟ್ ಬೇಕು. ಅದನ್ನು ಮತ್ತೆ ಕರೆಂಟ್ ಮಾಡೋ ಫ್ಯೂಯೆಲ್ ಸೆಲ್‌ಗೆ ಹಾಕಿದರೆ ವಾಪಸ್ ಬರೋದು 15ರಿಂದ 20. ಒತ್ತಿ ತುಂಬೋ ಖರ್ಚು ಬೇರೆ. ಬ್ಯಾಟರಿಯಲ್ಲಿ ಇಟ್ಟಿದ್ದರೆ ನೂರಕ್ಕೆ 85ರಷ್ಟಾದರೂ ಕೈಗೆ ಬರುತ್ತಿತ್ತು.

ದೊಡ್ಡಪ್ಪ: ಬಿಸಿಲಿದ್ದಾಗ ಕೆಲಸ, ಕತ್ತಲಾದಾಗ ನಿದ್ದೆ. ಮನುಷ್ಯನಿಗೆ ಆಸೆ ಜಾಸ್ತಿಯಾಗಿದೆ, ಅದಕ್ಕೇ ಇದೆಲ್ಲ.

ವಿನಯ: ದೊಡ್ಡಪ್ಪ, ಗಾಜಿನ ಕುಲುಮೆ ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಆರಿಸೋ ಹಾಗಿಲ್ಲ. ಅದಕ್ಕೆಲ್ಲಿಯ ನಿದ್ದೆ?

ದೊಡ್ಡಪ್ಪ: ಹಿರಿಯರಿಗೆ ಎದುರು ಮಾತಾಡೋದು ಮಾತ್ರ ಚೆನ್ನಾಗಿ ಕಲಿತಿದ್ದೀಯ.

ಚಿಕ್ಕಪ್ಪ: ಹೋದ ಸಲ ಇನ್ವರ್ಟರ್ ಬಗ್ಗೆ ಹಾಕಿದಾಗಲೂ ಇವನದ್ದೇ ಕೊಂಕು.

ವಿನಯ: ಇನ್ವರ್ಟರ್ ತಾನೇ ಕರೆಂಟ್ ಹುಟ್ಟಿಸುತ್ತೆ ಅಂತಿತ್ತು ಅದರಲ್ಲಿ!

ವಿನಯ: ನಾನು ಹೈಡ್ರೋಜನ್ನೇ ಬೇಡ ಅಂದೆನಾ? ಅದನ್ನು ಮತ್ತೆ ಕರೆಂಟ್ ಮಾಡೋದು ದಂಡ ಅಂದಿದ್ದು. ಹೈಡ್ರೋಜನ್ ಆಗಿಯೇ ಬೇಕಾದ ಕಡೆ ಕೊಡಲಿ. ಗೊಬ್ಬರದ ಅಮೋನಿಯಾಕ್ಕೆ ಅದು ಬೇಕೇ ಬೇಕು, ಈಗ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ತೆಗೆಯುತ್ತಿದ್ದಾರೆ. ಸ್ವೀಡನ್ನಿನ ಲುಲಿಯೊದಲ್ಲಿ ಹೈಬ್ರಿಟ್ ಯೋಜನೆಯವರು 2020ರಲ್ಲಿ ಪ್ರಾಯೋಗಿಕ ಘಟಕ ಶುರು ಮಾಡಿದರು. ಅದಿರಿನಿಂದ ಕಬ್ಬಿಣ ಬಿಡಿಸಲು ಕಲ್ಲಿದ್ದಲಿನ ಬದಲು ಹೈಡ್ರೋಜನ್. ಅದನ್ನು ಕೂಡಿಡಲು ಬಂಡೆಯೊಳಗೆ ಗುಹೆಯನ್ನೇ ಕೊರೆದಿದ್ದಾರೆ.

(ಇಷ್ಟುದ್ದದ ಮೆಸೇಜಿಗೆ ಬಂದಿದ್ದು ಒಂದು ಹೆಬ್ಬೆರಳು. ಅದೂ ಅವನ ಹೆಂಡತಿಯದು.)

ಅತ್ತೆ: ಕನ್ನಡಕ ಹಾಕಿಕೊಂಡಿಲ್ಲ. ಯಾರು ಗೆದ್ದರು?

ಸುಮಾ: ಹೈಡ್ರೋಜನ್ ಅಂದಿದ್ದಕ್ಕೆ ನೆನಪಾಯ್ತು! ಚಿಕ್ಕಪ್ಪ ನಮಗೆ ಮಾಡಿ ತೋರಿಸಿದ್ದರು ಅಲ್ವಾ? ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ಲೋಟದಲ್ಲಿ ಉಪ್ಪುನೀರು, ಸೆಲ್ಲಿಗೆ ತಂತಿ. ಒಂದು ಪೆನ್ಸಿಲ್ಲಿನ ಸೀಸದಿಂದ ಸಣ್ಣ ಗುಳ್ಳೆ ಬುಳುಬುಳು ಅಂತ ಮೇಲೆ ಬರುತ್ತಿತ್ತು. ಇನ್ನೊಂದರ ಹತ್ತಿರ ಮೂಗು ತಂದರೆ ಘಾಟು.

ವಿನಯ: ಆ ಘಾಟು ಕ್ಲೋರಿನ್. ಉಪ್ಪು ಹಾಕಿದ್ದರ ಫಲ. ಮಕ್ಕಳನ್ನು ಸುತ್ತ ಕೂರಿಸಿಕೊಂಡು!

ಚಿಕ್ಕಪ್ಪ: ಕಿಟಕಿ ತೆಗೆದೇ ಇತ್ತು.

ಅತ್ತೆ: ಇರಲಿಲ್ಲ.

ದೊಡ್ಡಪ್ಪ: ಸುಮಾ, ಎಷ್ಟು ಸೆಲ್?

ಸುಮಾ: ನಾಲ್ಕು ಅಪ್ಪ. ದಪ್ಪದ್ದು.

ದೊಡ್ಡಪ್ಪ: ನನ್ನ ರೇಡಿಯೋಗೆ ಹಾಕುತ್ತಿದ್ದಿದ್ದೂ ನಾಲ್ಕೇ. ಹೊಸ ಸೆಲ್ ಹಾಕಿದರೂ ಹಾಡುತ್ತಿಲ್ಲ ಅಂತ ರೇಡಿಯೋನೇ ಬಿಚ್ಚಿ ಹಾಳು ಮಾಡಿಕೊಂಡೆ.

ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತೆ: ಯಾಕೆ ಅಳಿಸಿದೆ ರಮೇಶಣ್ಣ, ನಾನು ಓದಿ ಆಯ್ತು.

ದೊಡ್ಡಪ್ಪ: ಏನಂತ ಇತ್ತು?