ಜಲಕೃಷಿಯ ತೊಟ್ಟಿಯಲ್ಲಿ ಲೋಳೆ: ಸೂಕ್ಷ್ಮಜೀವಿಗಳನ್ನೆಲ್ಲ ಕೊಲ್ಲಬೇಕೇ, ಸಾಕಬೇಕೇ?

ಪ್ರಶ್ನೆ:
ಮಣ್ಣಿಲ್ಲದೆ, ಪೋಷಕ ದ್ರಾವಣದಲ್ಲಿ ಲೆಟ್ಯೂಸ್ ಬೆಳೆಯುತ್ತಿದ್ದೇನೆ. ಎರಡು ವಾರಗಳಿಂದ ತೊಟ್ಟಿಯ ಒಳಗೋಡೆಯನ್ನು ಸವರಿದರೆ ಬೆರಳಿಗೆ ಲೋಳೆ ಅಂಟುತ್ತಿದೆ, ಬೇರುಗಳೂ ಕಂದಾಗಿವೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ನೀರು ತಿಳಿಯಾಯಿತಾದರೂ ನಾಲ್ಕೇ ದಿನಗಳಲ್ಲಿ ಲೋಳೆ ಮರಳಿತು. ಅದರೊಂದಿಗೇ ಬ್ಯಾಸಿಲಸ್ (ಬೇರಿಗೆ ಹಿತಕರವಾದ ಬ್ಯಾಕ್ಟೀರಿಯಾ) ಪುಡಿಯನ್ನೂ ಬೆರೆಸಿದ್ದೆ. ದ್ರಾವಣವನ್ನು ಪೂರ್ತಿ ನಿರ್ಜೀವವಾಗಿ ಇಡುವುದು ಸಾಧ್ಯವೇ?

ಉತ್ತರ 1:
ಸಾಧ್ಯವಿಲ್ಲ. ಬೇರುಗಳೇ ಸಕ್ಕರೆ, ಅಮೈನೋ ಆಮ್ಲ, ಸಾವಯವ ಆಮ್ಲಗಳನ್ನು ನೀರಿಗೆ ಸ್ರವಿಸುತ್ತಿರುತ್ತವೆ. ಉಣಿಸು ಇರುವಲ್ಲಿ ಉಣ್ಣುವವರು ಬಂದೇ ಬರುತ್ತಾರೆ. ಪೆರಾಕ್ಸೈಡ್ ಬೇಗನೆ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಆದರೆ ಲೋಳೆಯ ಪದರದೊಳಗೆ ಅಡಗಿದ ಬ್ಯಾಕ್ಟೀರಿಯಾಗಳು ಬದುಕುಳಿದು, ಪೈಪೋಟಿಯೇ ಇಲ್ಲದ ಜಾಗದಲ್ಲಿ ಮತ್ತೆ ಹಬ್ಬುತ್ತವೆ. ಪೆರಾಕ್ಸೈಡ್ ಮಿತ್ರ ಯಾರು, ಶತ್ರು ಯಾರು ಎಂದು ಬೇರ್ಪಡಿಸಿ ನೋಡುವುದಿಲ್ಲವಾದ್ದರಿಂದ, ನೀವು ಜೊತೆಗೆ ಹಾಕಿದ ಬ್ಯಾಸಿಲಸ್‌ನಲ್ಲೂ ಬಹುಪಾಲು ವ್ಯರ್ಥವಾಗಿರಬಹುದು.

ಉತ್ತರ 2:
ಲೋಳೆಗಿಂತ ಬೇರಿನ ಸ್ಥಿತಿ ಮುಖ್ಯ. ಕಂದು ಬಣ್ಣವೊಂದನ್ನೇ ನಂಬಬೇಡಿ, ಗೊಬ್ಬರದ ಕಲೆಯೂ ಹಾಗೆಯೇ ಕಾಣುತ್ತದೆ. ಒಂದು ಬೇರನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಹೊರಪದರ ಕಳಚಿ ಕೈಗೆ ಬಂದು, ಒಳಗಿನ ನೂಲಿನಂಥ ಎಳೆ ಮಾತ್ರ ಉಳಿದರೆ ಪಿಥಿಯಂ ಕೊಳೆರೋಗವನ್ನು ಶಂಕಿಸಬೇಕು. ಶಿಲೀಂಧ್ರದಂತೆ ಕಂಡರೂ ಪಿಥಿಯಂ ನಿಜವಾದ ಶಿಲೀಂಧ್ರವಲ್ಲ. ಅದರ ಚಲಬೀಜಕಗಳು (ಚಲಿಸಬಲ್ಲ ಬೀಜಕಣಗಳು) ಬಾಲದಂಥ ಕಶಾಂಗಗಳಿಂದ ಈಜುವುದರಿಂದ, ಒಂದೇ ನೀರನ್ನು ಹಂಚಿಕೊಂಡ ಗಿಡಗಳಿಗೆಲ್ಲ ರೋಗ ತಲುಪಬಲ್ಲದು.

ನೀರಿನ ಉಷ್ಣಾಂಶವೆಷ್ಟು? 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ, ಅದೇ ಹೊತ್ತಿಗೆ ಬೇರುಗಳ ಹಾಗೂ ಸೂಕ್ಷ್ಮಜೀವಿಗಳ ಉಸಿರಾಟ ಹೆಚ್ಚುತ್ತದೆ. ಉಸಿರುಕಟ್ಟಿದ ಬೇರಿಗೆ ರೋಗ ಸುಲಭವಾಗಿ ತಗಲುತ್ತದೆ.

ಪ್ರಶ್ನಿಸಿದವರು:
ಎಳೆದು ನೋಡಿದೆ. ಎರಡು ಗಿಡಗಳ ಬೇರು ಕಳಚಿತು, ಉಳಿದವು ಗಟ್ಟಿಯಾಗಿವೆ. ನೀರು 29 ಡಿಗ್ರಿ ಇದೆ. ಅತಿನೇರಳೆ ದೀಪ ಅಳವಡಿಸಲೇ?

ಉತ್ತರ 2:
ದೀಪವು ತನ್ನ ಮುಂದೆ ಹಾದುಹೋಗುವ ನೀರನ್ನಷ್ಟೇ ಶುದ್ಧಗೊಳಿಸುತ್ತದೆ, ಗೋಡೆಯ ಲೋಳೆಯನ್ನು ಮುಟ್ಟುವುದಿಲ್ಲ. ಮೇಲಾಗಿ ದ್ರಾವಣದ ಕಬ್ಬಿಣದ ಕೀಲೇಟನ್ನು (ಕಬ್ಬಿಣವನ್ನು ಗಿಡಕ್ಕೆ ಸಿಗುವಂತೆ ಕರಗಿದ ರೂಪದಲ್ಲಿ ಹಿಡಿದಿಡುವ ಸಂಯುಕ್ತ) ಒಡೆದು ಎಳೆಯ ಎಲೆಗಳು ಹಳದಿಯಾಗುವಂತೆ ಮಾಡಬಹುದು. ಮೊದಲು ಆ ಎರಡು ಗಿಡಗಳನ್ನು ಕಿತ್ತುಹಾಕಿ, ತೊಟ್ಟಿಯನ್ನು ಬರಿದು ಮಾಡಿ ಉಜ್ಜಿ ತೊಳೆಯಿರಿ. ಬೆಳಕು ಬೀಳದಂತೆ ಮುಚ್ಚಿ, ನೀರನ್ನು ತಂಪಾಗಿಸಿ, ಗಾಳಿಯಾಡಿಸಿ. ಪೆರಾಕ್ಸೈಡ್ ಬಳಸಿದರೆ ಅದು ಪೂರ್ತಿ ಒಡೆದುಹೋದ ಮೇಲಷ್ಟೇ ಬ್ಯಾಸಿಲಸ್ ಹಾಕಿ. ಅದು ಗಟ್ಟಿ ಬೇರುಗಳನ್ನು ಕಾಯಲು ನೆರವಾಗಬಹುದು, ಕೊಳೆತವನ್ನು ಮರಳಿಸಲಾರದು.